ಉತ್ತರ ಕನ್ನಡ ಲೋಕಸಭಾ ಕ್ಷೇತ್ರ: ಕಿತ್ತೂರಿನವರು ನಮ್ಮ ಎಂಪಿಗೆ ಯಾಕೆ ಓಟು ಹಾಕುತ್ತಾರೆ? (ಪ್ರಶ್ನೋತ್ತರ)

ಎಲ್ಲರಿಗೂ ನಮಸ್ಕಾರ. ಮೊನ್ನೆಯಿಂದ ಗುಂಪಿನಲ್ಲಿ ಇದೇ ಜಗಳ ನಡೀತಾ ಇದೆ, ಉತ್ತರ ಹೇಳಿ ಅಂತ ಅಡ್ಮಿನ್ ಹಿಡಿದು ಕೂರಿಸಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಚುನಾವಣೆ ಬಂದಾಗೆಲ್ಲ ಮತಗಟ್ಟೆ ಡ್ಯೂಟಿ ಮಾಡಿದ್ದೇನೆ, ಆಮೇಲಾಮೇಲೆ ಸಿಬ್ಬಂದಿಗೆ ತರಬೇತಿ ಕೊಡುವ ಮಾಸ್ಟರ್ ಟ್ರೇನರ್ ಕೂಡ ಆಗಿದ್ದೆ. ಯಾರಿಗೆ ಓಟು ಹಾಕಬೇಕು ಅನ್ನೋದೊಂದು ಬಿಟ್ಟು ಏನು ಬೇಕಾದರೂ ಕೇಳಿ.

ಕಿತ್ತೂರಿನಿಂದ ಒಬ್ಬರು: ಮೇಡಂ, ನಮ್ಮ ಜಿಲ್ಲೆ ಬೆಳಗಾವಿ. ಡಿಸಿ ಆಫೀಸು, ಕೋರ್ಟು, ಎಲ್ಲ ಅಲ್ಲೇ. ಎಂಪಿ ಮಾತ್ರ ಉತ್ತರ ಕನ್ನಡದವರು. ನಮ್ಮೂರಲ್ಲಿ ಸಮುದ್ರ ನೋಡದವರೇ ಅರ್ಧ ಜನ ಇದ್ದಾರೆ. ಇದು ಯಾವ ಲೆಕ್ಕ?

ಉತ್ತರ: ತಲೆ ಲೆಕ್ಕ. ಬೇರೇನೂ ಅಲ್ಲ.

ರಾಜ್ಯದಲ್ಲಿ 28 ಲೋಕಸಭಾ ಕ್ಷೇತ್ರ, 224 ವಿಧಾನಸಭಾ ಕ್ಷೇತ್ರ. ಭಾಗಿಸಿದರೆ ಒಬ್ಬ ಎಂಪಿಗೆ 8 ಎಂಎಲ್‌ಎ ಕ್ಷೇತ್ರ ಬರುತ್ತದೆ. ಈಗಿರುವ ಗಡಿಗಳನ್ನು ಹಾಕಿದ್ದು 2001ರ ಜನಗಣತಿ ಇಟ್ಟುಕೊಂಡು, ಜಾರಿಗೆ ಬಂದಿದ್ದು 2008ರಲ್ಲಿ. ಆ ಗಣತಿಯಲ್ಲಿ ರಾಜ್ಯದ ಜನ 5 ಕೋಟಿ 28 ಲಕ್ಷ, ಅಂದರೆ ಒಬ್ಬ ಎಂಪಿ ಪಾಲಿಗೆ ಸುಮಾರು 18.9 ಲಕ್ಷ. ಉತ್ತರ ಕನ್ನಡ ಇಡೀ ಜಿಲ್ಲೆಯಲ್ಲಿ ಇದ್ದಿದ್ದು 13.5 ಲಕ್ಷ. ಹತ್ತಿರ ಹತ್ತಿರ ಐದೂವರೆ ಲಕ್ಷ ಕಮ್ಮಿ. ಆ ಕಮ್ಮಿಯನ್ನು ಎಲ್ಲಿಂದಾದರೂ ತುಂಬಬೇಕಲ್ಲ? ಪಶ್ಚಿಮಕ್ಕೆ ಸಮುದ್ರ, ಅಲ್ಲಿ ಮೀನು ಬಿಟ್ಟರೆ ಮತದಾರರಿಲ್ಲ. ಉತ್ತರಕ್ಕೆ ಗೋವಾ, ಬೇರೆ ರಾಜ್ಯ. ಹಾಗಾಗಿ ಜಿಲ್ಲೆಯ 6 ಕ್ಷೇತ್ರ (ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ), ಅದರ ಜೊತೆ ಬೆಳಗಾವಿ ಕಡೆಯ ಖಾನಾಪುರ ಮತ್ತು ನಿಮ್ಮ ಕಿತ್ತೂರು. ಎಂಟು ಭರ್ತಿ.

ಭಟ್ಕಳದಿಂದ ಕಿತ್ತೂರಿಗೆ ರಸ್ತೆಯಲ್ಲಿ ಹೋದರೆ 200 ಕಿಲೋಮೀಟರಿಗೂ ಜಾಸ್ತಿ, ನಡುವೆ ಘಟ್ಟ ಬೇರೆ. ಒಂದು ತುದಿಯಲ್ಲಿ ಮೀನು ಬಲೆ, ನಡುವೆ ಅಡಿಕೆ ತೋಟ, ಇನ್ನೊಂದು ತುದಿಯಲ್ಲಿ ಕಬ್ಬು. ನಕ್ಷೆ ಬಿಡಿಸುವವರ ಮುಂದೆ ಇದ್ಯಾವುದೂ ಇರುವುದಿಲ್ಲ ಅಂತಲ್ಲ, ಭೂಗೋಳ, ಸಂಪರ್ಕ ಎಲ್ಲ ನೋಡಬೇಕು ಅಂತ ಕಾನೂನಿನಲ್ಲೇ ಇದೆ. ಆದರೆ ಕೊನೆಗೆ ಗೆಲ್ಲೋದು ತಲೆ ಲೆಕ್ಕವೇ.

ಬೆಂಗಳೂರಿನಿಂದ ಒಬ್ಬರು: ಹಾಗಾದ್ರೆ ಅನ್ಯಾಯ ಆಗಿರೋದು ನಮಗೆ ಅಲ್ವಾ? 2024ರಲ್ಲಿ ಬೆಂಗಳೂರು ಉತ್ತರದಲ್ಲಿ 32 ಲಕ್ಷ ಮತದಾರರಿದ್ರು. ನಿಮ್ಮಲ್ಲಿ 16 ಲಕ್ಷ ಚಿಲ್ಲರೆ. ನಿಮ್ಮ ಒಂದು ಓಟು ನಮ್ಮ ಎರಡು ಓಟಿಗೆ ಸಮ ಆಯ್ತಲ್ಲ.

ಉತ್ತರ: ಆಯ್ತು. ನೀವು ಹೇಳಿದ್ದು ಸರಿ, ಇದಕ್ಕೆ ವಾದ ಮಾಡಲ್ಲ. 2001ರ ಗಣತಿ ಹಳೆಯದಾದಷ್ಟೂ ಈ ಅಂತರ ಹಿಗ್ಗುತ್ತಾ ಹೋಗಿದೆ. ಕ್ಲಾಸಿನಲ್ಲಿ ಮಕ್ಕಳಿಗೂ ನಾನು ಹೀಗೇ ಹೇಳುತ್ತಿದ್ದೆ, ಓಟಿನ ತೂಕ ಎಲ್ಲರದೂ ಒಂದೇ ಇರಬೇಕು ಅಂತ.

ಆದರೆ ಇನ್ನೊಂದು ಮಗ್ಗುಲೂ ನೋಡಿ. ನಿಮ್ಮ ಎಂಪಿ ಮನೆಯಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಒಂದು ದಿನದಲ್ಲಿ ಕ್ಷೇತ್ರ ಸುತ್ತಿ ಬರಬಹುದು. ಉತ್ತರ ಕನ್ನಡ ಜಿಲ್ಲೆಯೊಂದೇ 10 ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು, ಬಹುಪಾಲು ಕಾಡು. ಅದರ ಮೇಲೆ ಖಾನಾಪುರ, ಕಿತ್ತೂರು. ಜೋಯಿಡಾ ತಾಲೂಕಿನ ಕೆಲವು ಊರುಗಳಲ್ಲಿ ಪಕ್ಕದ ಮನೆಗೆ ಹೋಗಿ ಬರುವುದೇ ಅರ್ಧ ಗಂಟೆಯ ಕೆಲಸ. ಓಟಿನ ತೂಕ ನಮ್ಮದು ಜಾಸ್ತಿ ಇರಬಹುದು, ಎಂಪಿ ಕಣ್ಣಿಗೆ ಬೀಳೋದು ಕಮ್ಮಿ.

ಒಂದು ನೆನಪು. 2004ರಲ್ಲಿ ವಿಧಾನಸಭೆ, ಲೋಕಸಭೆ ಎರಡೂ ಒಟ್ಟಿಗೆ ಬಂದಿದ್ದವು. ಬೂತಿಗೆ ಎರಡೆರಡು ಮೆಷಿನ್, ಅದೂ ನಮ್ಮ ಕಡೆಯ ಎಷ್ಟೋ ಜನರಿಗೆ ಹೊಸತು. ನಾನಿದ್ದದ್ದು ಘಟ್ಟದ ಮೇಲಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಹಿಂದಿನ ರಾತ್ರಿ ಬೆಂಚು ಜೋಡಿಸಿಕೊಂಡು ಮಲಗಿ, ಬೆಳಿಗ್ಗೆ ಬೇಗ ಎದ್ದು ಏಜೆಂಟರ ಎದುರು ಸೀಲು ಹಾಕಿ ಶುರು ಮಾಡಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಒಂದು ಮೆಷಿನ್ ಒತ್ತಿ, ಪೀಂ ಅಂದ ಕೂಡಲೇ ಹೊರಟೇಬಿಟ್ಟರು. ಅಜ್ಜೀ, ಇನ್ನೊಂದಿದೆ ಅಂದೆ. ಎರಡ್ಯಾಕೆ ಅಂತ ಕೇಳಿದರು. ಒಂದು ಬೆಂಗಳೂರಿಗೆ ಹೋಗುವವರಿಗೆ, ಒಂದು ದಿಲ್ಲಿಗೆ ಹೋಗುವವರಿಗೆ ಅಂದೆ. ಅಜ್ಜಿ ಸ್ವಲ್ಪ ಹೊತ್ತು ನಿಂತು, "ದಿಲ್ಲಿಗೆ ಹೋಗುವವ ಇಲ್ಲಿಗೆ ಬಂದದ್ದು ನಾ ಕಾಣಲೇ ಇಲ್ಲವಲ್ಲ" ಅಂದರು. ಏಜೆಂಟರೆಲ್ಲ ನಕ್ಕರು. ಯಾವ ಪಕ್ಷದ ಏಜೆಂಟನೂ "ಇಲ್ಲ, ಬಂದಿದ್ದರು" ಅಂತ ಹೇಳಲಿಲ್ಲ, ಅದನ್ನು ನಾನು ಗಮನಿಸಿದೆ. ಆಮೇಲೆ ಅಜ್ಜಿ ಹೋಗಿ ಒತ್ತಿಯೇ ಬಂದರು.

ಅಂಕೋಲಾದಿಂದ ಒಬ್ಬರು: ಅಕ್ಕೋರೆ, ನಮ್ಮ ಅಪ್ಪ ಈಗಲೂ "ಕೆನರಾ ಕ್ಷೇತ್ರ" ಅನ್ನುತ್ತಾರೆ. ಮೊದಲ ಎಂಪಿ ಮುಂಬೈಯವರು ಅಂತಾರೆ. ನಿಜವಾ?

ಉತ್ತರ: ಅಪ್ಪ ಹೇಳಿದ್ದು ಸರಿ. 2008ರ ತನಕ ಲೋಕಸಭೆಯ ಪಟ್ಟಿಯಲ್ಲಿ ಹೆಸರು ಕೆನರಾ ಅಂತಲೇ ಇತ್ತು. 1862ರಲ್ಲಿ ಬ್ರಿಟಿಷರು ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ರ ತನಕ ನಾವು ಮುಂಬಯಿಯವರೇ. ಹಾಗಾಗಿ 1952ರ ಮೊದಲ ಚುನಾವಣೆಯಲ್ಲಿ ಇಲ್ಲಿಂದ ಗೆದ್ದ ಜೋಕಿಂ ಆಳ್ವರು ಮುಂಬಯಿ ರಾಜ್ಯದ ಎಂಪಿ. ಹುಟ್ಟಿದ್ದು ಉಡುಪಿ ಕಡೆ, ವಕೀಲಿಕೆ, ಪತ್ರಿಕೆ ಎಲ್ಲ ಮುಂಬೈಯಲ್ಲಿ. 1952, 57, 62 ಮೂರು ಸಲ ಗೆದ್ದರು. ಅವರ ಹೆಂಡತಿ ವಯಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿ ಆಗಿದ್ದವರು. ಮುಂದೆ 1999ರಲ್ಲಿ ಇದೇ ಕ್ಷೇತ್ರದಿಂದ ಗೆದ್ದ ಮಾರ್ಗರೆಟ್ ಆಳ್ವ ಇವರ ಸೊಸೆ.

ನಿಮ್ಮ ಅಂಕೋಲಾ ಹೆಸರಿನ ವಿಧಾನಸಭಾ ಕ್ಷೇತ್ರ ಕೂಡ 2008ರಲ್ಲೇ ಹೋಯಿತು, ಗೊತ್ತಲ್ಲ. ತಾಲೂಕು ಕಾರವಾರ ಕ್ಷೇತ್ರದೊಳಗೆ ಸೇರಿತು. ಕರ ನಿರಾಕರಣೆ ಮಾಡಿ ಮನೆ ಮಠ ಕಳೆದುಕೊಂಡ ಊರು, ಉಪ್ಪಿನ ಸತ್ಯಾಗ್ರಹ ಮಾಡಿದ ಊರು. ಹೆಸರಾದರೂ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ. ನಾನು ಅಂಕೋಲಾದವಳಲ್ಲ, ಸುಮ್ನೆ ಹೇಳಿದೆ.

ಅದೇ ಅಂಕೋಲಾದವರು: ಮತ್ತೆ ದಿನಕರ ದೇಸಾಯಿ? ಅವರು ಯಾವ ಪಕ್ಷ?

ಉತ್ತರ: ಯಾವುದೂ ಅಲ್ಲ. 1967ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ನನ್ನ ಕೇಳಿದರೆ ಈ ಕ್ಷೇತ್ರದ ಚರಿತ್ರೆಯಲ್ಲಿ ಒಂದೇ ಒಂದು ಪುಟ ಓದಿ ಅಂದರೆ ಇದನ್ನೇ ಓದಿ ಅನ್ನುತ್ತೇನೆ. ಹೊರಗಿನವರಿಗೆ ಅವರು ಚುಟುಕ ಬರೆದ ಕವಿ. ಇಲ್ಲಿಯವರಿಗೆ ಮೊದಲು ರೈತರ ಪರವಾಗಿ ನಿಂತವರು, ಆಮೇಲೆ ಕವಿ. ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, ಊರೂರಲ್ಲಿ ಶಾಲೆ ತೆರೆದರು. ಹೀಗಾಗಿ 1967ರ ಹೊತ್ತಿಗೆ ಗೇಣಿಯ ಜಗಳ ಕಂಡ ಮನೆಗಳಲ್ಲಿ, ಮಕ್ಕಳನ್ನು ಮೊದಲ ಸಲ ಹೈಸ್ಕೂಲಿಗೆ ಕಳಿಸಿದ ಮನೆಗಳಲ್ಲಿ ಅವರ ಪರಿಚಯ ಮಾಡಿಕೊಡಬೇಕಾದ ಅಗತ್ಯವೇ ಇರಲಿಲ್ಲ. ಅವರ ನಂತರ ಇಲ್ಲಿ ಪಕ್ಷೇತರರು ಯಾರೂ ಗೆದ್ದಿಲ್ಲ.

ಶಿರಸಿಯಿಂದ ಒಬ್ಬರು: ಇಲ್ಲಿ ಯಾವಾಗಲೂ ಅದೇ ಅದೇ ಮುಖ ಅನ್ನೋ ಆರೋಪ ಇದೆ. ಎಷ್ಟು ಜನ ಎಂಪಿ ಆಗಿದ್ದಾರೆ?

ಉತ್ತರ: 1952ರಿಂದ 2024ರ ತನಕ 18 ಸಾರ್ವತ್ರಿಕ ಚುನಾವಣೆ, ಗೆದ್ದವರು 8 ಜನ. ಅದರಲ್ಲೂ ಮೂವರೇ 13 ಸಲ ಗೆದ್ದಿದ್ದಾರೆ: ಜೋಕಿಂ ಆಳ್ವ 3, ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ 4 (1980ರಿಂದ 91ರವರೆಗೆ ಸತತ), ಬಿಜೆಪಿಯ ಅನಂತಕುಮಾರ ಹೆಗಡೆ 6. ಉಳಿದವರು ದೇಸಾಯಿ, ಬಿ.ವಿ. ನಾಯಕ, ಕದಂ, ಮಾರ್ಗರೆಟ್ ಆಳ್ವ, ಈಗಿನ ವಿಶ್ವೇಶ್ವರ ಹೆಗಡೆ ಕಾಗೇರಿ. ಹೆಂಗಸರು ಒಬ್ಬರೇ ಒಬ್ಬರು. 2019ರಲ್ಲಿ ಗೆಲುವಿನ ಅಂತರ ನಾಲ್ಕೂ ಮುಕ್ಕಾಲು ಲಕ್ಷ ದಾಟಿತ್ತು, 2024ರಲ್ಲಿ ಮೂರು ಲಕ್ಷದ ಮೇಲೆ. ಇಷ್ಟು ಅಂತರ ಇದ್ದಾಗ ಯಾವ ಪಕ್ಷದವರೇ ಆಗಲಿ, ಓಡಾಡುವ ತುರ್ತು ಕಮ್ಮಿಯಾಗುತ್ತದೆ. ಇದು ನನ್ನ ಅಭಿಪ್ರಾಯ, ಬೈಯ್ಯುವವರು ಬೈಯ್ಯಬಹುದು.

ಸಿದ್ದಾಪುರದಿಂದ ಒಬ್ಬರು: ಒಳ್ಳೆ ಆಸ್ಪತ್ರೆ ಇಲ್ಲ, ಅರಣ್ಯ ಜಮೀನಿನ ಅತಿಕ್ರಮಣ ಸಕ್ರಮ ಆಗಿಲ್ಲ. ಇದಕ್ಕೆಲ್ಲ ಎಂಪಿ ಹತ್ತಿರ ಹೋಗಬೇಕೋ, ಎಂಎಲ್‌ಎ ಹತ್ತಿರವೋ? ಇಬ್ಬರೂ ಅವರ ಕಡೆ ಇವರು, ಇವರ ಕಡೆ ಅವರು ಬೆರಳು ತೋರಿಸುತ್ತಾರೆ.

ಉತ್ತರ: ಎರಡನ್ನೂ ಬೇರೆ ಬೇರೆ ಮಾಡಿ. ಆಸ್ಪತ್ರೆ ಮೊದಲಿಗೆ ರಾಜ್ಯದ ವಿಷಯ, ಎಂಎಲ್‌ಎ ಮತ್ತು ಸರ್ಕಾರವನ್ನು ಹಿಡಿಯಿರಿ. ಎಂಪಿಯ ಸ್ಥಳೀಯ ನಿಧಿ ವರ್ಷಕ್ಕೆ 5 ಕೋಟಿ, ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಅರವತ್ತು ಲಕ್ಷ ಚಿಲ್ಲರೆ. ಅದರಲ್ಲಿ ಆಸ್ಪತ್ರೆ ಆಗೋದಿಲ್ಲ, ಬಸ್ ಸ್ಟ್ಯಾಂಡಿನ ಶೆಡ್ಡು ಆಗುತ್ತದೆ.

ಅತಿಕ್ರಮಣ ಮಾತ್ರ ಎಂಪಿ ಹತ್ತಿರ ಕೇಳಬೇಕಾದದ್ದೇ. ಅರಣ್ಯ ಜಮೀನು ಬೇರೆ ಕೆಲಸಕ್ಕೆ ಕೊಡಬೇಕಾದರೆ 1980ರ ಕಾನೂನಿನಿಂದ ಕೇಂದ್ರದ ಒಪ್ಪಿಗೆ ಬೇಕು. ಸಕ್ರಮದ ವಿಷಯ ಬಂದರೆ 1978ರ ಏಪ್ರಿಲ್ 27ಕ್ಕೆ ಮೊದಲಿನ ಅತಿಕ್ರಮಣ, ಆಮೇಲಿನದ್ದು ಅಂತ ನಮ್ಮ ಕಡೆ ಮನೆಮನೆಯಲ್ಲೂ ಮಾತಾಡುತ್ತಾರಲ್ಲ, ಆ ತಾರೀಕಿನ ಗಲಾಟೆ ಇನ್ನೂ ಮುಗಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಸ್ವಾಧೀನದಲ್ಲಿದ್ದರೆ ಸಾಕು. ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲದವರು ಅದೇ ತಾರೀಕಿಗೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ, 1930ರಿಂದ! ಅಜ್ಜ 1950ರಲ್ಲಿ ಬಂದು ಗದ್ದೆ ಮಾಡಿಕೊಂಡಿದ್ದರೆ ಆಗೋದಿಲ್ಲ. ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದವರು ತಮ್ಮನ್ನು ಬುಡಕಟ್ಟಿನ (ಎಸ್‌ಟಿ) ಪಟ್ಟಿಗೆ ಸೇರಿಸಿ ಅಂತ ಇಷ್ಟು ವರ್ಷದಿಂದ ಕೇಳುತ್ತಿರುವುದರ ಹಿಂದೆ ಇದೂ ಒಂದು ಕಾರಣ. ಸಿದ್ದಿಯರಿಗೆ 2003ರಲ್ಲಿ ಸಿಕ್ಕಿತು. ಈ 75 ವರ್ಷದ ಷರತ್ತು ಬದಲಾಗಬೇಕಾದರೂ, ಎಸ್‌ಟಿ ಪಟ್ಟಿ ಬದಲಾಗಬೇಕಾದರೂ ಸಂಸತ್ತಿನಲ್ಲೇ. ಎಂಎಲ್‌ಎ ಎಷ್ಟು ಕೂಗಿದರೂ ಅದು ಅವರ ಕೈಯಲ್ಲಿಲ್ಲ.

ಎಂಪಿ ಸಿಕ್ಕಾಗ ರಸ್ತೆ ಹೊಂಡದ ಬಗ್ಗೆ ಕೇಳುವುದರ ಬದಲು ಈ 75 ವರ್ಷದ ಬಗ್ಗೆ ಸದನದಲ್ಲಿ ಎಷ್ಟು ಸಲ ಮಾತಾಡಿದಿರಿ ಅಂತ ಕೇಳಿ. ಹೊಂಡ ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದರೆ ಅದನ್ನೂ ಕೇಳಿ, ಅದು ಕೇಂದ್ರದ್ದು.

ಮುಂಡಗೋಡದಿಂದ ಒಬ್ಬರು: ನಮ್ಮಲ್ಲಿ ಟಿಬೆಟಿಯನ್ ಕ್ಯಾಂಪಿನವರು ಓಟು ಹಾಕಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಕೆಲವರು ಹಾಕಬಹುದು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. 2013ರಲ್ಲಿ ನಮ್ಮ ಹೈಕೋರ್ಟ್ ಅದನ್ನೇ ಹೇಳಿತು, 2014ರಲ್ಲಿ ಚುನಾವಣಾ ಆಯೋಗ ಅವರ ಹೆಸರು ಸೇರಿಸಿ ಅಂತ ಸೂಚನೆ ಕೊಟ್ಟಿತು. ಹೆಸರು ಸೇರಿಸಲೋ ಬೇಡವೋ ಅನ್ನೋದು ಅವರವರಿಗೆ ಬಿಟ್ಟಿದ್ದು.

ಯಲ್ಲಾಪುರದಿಂದ ಒಬ್ಬರು: ಮುಂದೆ ಕ್ಷೇತ್ರಗಳ ಗಡಿ ಹೊಸದಾಗಿ ಹಾಕುವಾಗ, ಅದೇ ಪುನರ್ವಿಂಗಡಣೆಯಲ್ಲಿ, ಏನಾಗಬಹುದು ಮೇಡಂ? ನಮ್ಮ ಕ್ಷೇತ್ರ ಉಳಿಯುತ್ತಾ?

ಉತ್ತರ: ಭವಿಷ್ಯ ಹೇಳಲು ಬರೋದಿಲ್ಲ, ಲೆಕ್ಕ ಮಾತ್ರ ಮಾಡಿ ತೋರಿಸುತ್ತೇನೆ. 2001ರ ಜನಸಂಖ್ಯೆಯಲ್ಲಿ 224ರ ಪೈಕಿ ನಮ್ಮ ಜಿಲ್ಲೆಯ ಪಾಲು 5.7 ಬರುತ್ತದೆ, ಹಾಗಾಗಿ 6 ಸಿಕ್ಕಿತು. 2011ರ ಲೆಕ್ಕ ಹಿಡಿದರೆ ಜಿಲ್ಲೆ 14.37 ಲಕ್ಷ, ರಾಜ್ಯ 6 ಕೋಟಿ 11 ಲಕ್ಷ. ಪಾಲು 5.27ಕ್ಕೆ ಇಳಿಯಿತು. ಅದನ್ನು ಕಾಗದದ ಮೇಲೆ ಐದು ಅಂತಲೇ ಓದುತ್ತಾರೆ. ಆ ಹತ್ತು ವರ್ಷದಲ್ಲಿ ರಾಜ್ಯ ಶೇಕಡಾ 15ಕ್ಕೂ ಹೆಚ್ಚು ಬೆಳೆದರೆ ನಾವು ಬೆಳೆದದ್ದು 6 ಚಿಲ್ಲರೆ. ಒಟ್ಟು ಸೀಟುಗಳ ಸಂಖ್ಯೆ ಹೆಚ್ಚಿದರೆ ಕಥೆ ಬೇರೆ. ಹೆಚ್ಚದಿದ್ದರೆ ಒಂದು ಕ್ಷೇತ್ರ ಕಳೆದುಕೊಂಡು, ಎಂಟು ಭರ್ತಿ ಮಾಡಲು ಇನ್ನೊಂದು ದೂರದ ತಾಲೂಕು ಸೇರಿಸಿಕೊಂಡು, ಇನ್ನೂ ಉದ್ದದ ಲೋಕಸಭಾ ಕ್ಷೇತ್ರ ಆಗುತ್ತದೆ. ಆಗ ಕಿತ್ತೂರಿನವರು ಕೇಳಿದ ಪ್ರಶ್ನೆಯನ್ನೇ ಇನ್ಯಾರೋ ಕೇಳುತ್ತಾರೆ.

ಬೆಂಗಳೂರಿನಿಂದ ಇನ್ನೊಬ್ಬರು, ಊರು ಶಿರಸಿ ಹತ್ತಿರ: ಮೇಡಂ, ನಾವು ಮೂವರು ಅಣ್ಣತಮ್ಮಂದಿರೂ ಇಲ್ಲೇ ಇದ್ದೇವೆ. ಜನಗಣತಿ ದಿನ ಊರಿಗೆ ಹೋಗಿ ಅಲ್ಲೇ ಬರೆಸಿಕೊಂಡರೆ ಜಿಲ್ಲೆಗೆ ಮೂರು ಕುಟುಂಬ ಜಾಸ್ತಿ ಆಗುತ್ತಲ್ಲ?

ಉತ್ತರ: ಆಗೋದಿಲ್ಲ ತಮ್ಮಾ. ಗಣತಿಯವರು ಬರೆದುಕೊಳ್ಳುವುದು ನೀವು ವಾಡಿಕೆಯಲ್ಲಿ ಎಲ್ಲಿ ಇರುತ್ತೀರಿ ಅನ್ನೋದನ್ನು. ಹಬ್ಬಕ್ಕೆ ಬಂದವರನ್ನು ಊರಿನ ಲೆಕ್ಕಕ್ಕೆ ಹಿಡಿಯಲ್ಲ. ಮತದಾರರ ಪಟ್ಟಿಯೂ ಹಾಗೇ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದಂತೂ ತಪ್ಪು, ಇದ್ದರೆ ಒಂದನ್ನು ತೆಗೆಸಿ. ಊರಿನ ಮನೆಯಲ್ಲಿ ಈಗ ಅಮ್ಮ ಒಬ್ಬರೇನಾ? ಹಾಗಿದ್ದರೆ ಆ ಮನೆಗೆ ಒಂದು ಅಂತಲೇ ಬರೆದುಕೊಂಡು ಹೋಗುತ್ತಾರೆ.