ಪದ ಬೇಕು: ‘ಗೇಮ್ ಮಾಸ್ಟರ್’, ‘ಕ್ಯಾಂಪೇನ್’, ‘ಸಬ್‌ಸ್ಕ್ರಿಪ್ಷನ್’ (ಸೋಮವಾರ ಅಚ್ಚಿಗೆ)

ಕಡಿಯಾಳಿ, ಉಡುಪಿ:

ಬಳಗದವರಿಗೆ ನಮಸ್ಕಾರ. ತುರ್ತಾಗಿ ಕೆಲವು ಪದಗಳು ಬೇಕು.

ನಮ್ಮ ವಾಚನಾಲಯದಲ್ಲಿ ಭಾನುವಾರ ಕಾಲೇಜು ಹುಡುಗರೂ ನಾವು ಕೆಲವು ನರೆಗೂದಲಿನವರೂ ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬರು (ಗೇಮ್ ಮಾಸ್ಟರ್) ಕಥೆಯ ಲೋಕವನ್ನೂ ಅಲ್ಲಿನ ಶತ್ರುಗಳನ್ನೂ ನೋಡಿಕೊಳ್ಳುತ್ತಾರೆ. ಉಳಿದವರದು ಒಂದೊಂದು ಪಾತ್ರ. ಏನು ಮಾಡಹೊರಟಿದ್ದೇನೆಂದು ಬಾಯಲ್ಲಿ ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಇದುವರೆಗೆ ನಕ್ಷೆ, ಪಾತ್ರಗಳ ವಿವರ ಎಲ್ಲವೂ ತಿಂಗಳು ತಿಂಗಳು ಹಣ ಕೇಳುವ ಒಂದು ಜಾಲತಾಣದಲ್ಲಿದ್ದವು. ಹಣ ಕಟ್ಟುವುದನ್ನು ನಿಲ್ಲಿಸಿದೆವು, ಹುಡುಗರ ಅರ್ಧ ಪಾತ್ರಗಳಿಗೆ ಬೀಗ ಬಿತ್ತು. ಈಗ ಗ್ರಾಫ್ ಹಾಳೆ, ಪೆನ್ಸಿಲ್, ರಟ್ಟಿನ ಚೀಟಿಗಳಲ್ಲೇ ಎಲ್ಲ ನಡೆಯುತ್ತಿದೆ. ಒಂದು ಚೌಕವೆಂದರೆ ಐದು ಅಡಿ. ಯಾರ ಸರದಿ ಮೊದಲು ಎಂಬುದನ್ನು ಚೀಟಿಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತೇವೆ. ಯಾರಿಗೆ ಎಷ್ಟು ಜೀವ ಉಳಿದಿದೆ ಎಂಬ ಲೆಕ್ಕಕ್ಕೆ ಚೆನ್ನೆಮಣೆ ಇದೆ: ಪ್ರತಿ ಶತ್ರುವಿಗೊಂದು ಗುಳಿ, ಏಟು ಬಿದ್ದಷ್ಟು ಬೀಜ ಹೊರಗೆ. ಗುಳಿ ಬರಿದಾದಾಗ ಏಳುವ ಗದ್ದಲಕ್ಕೆ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುವವರು ಬಂದು ಬೈದು ಹೋಗುತ್ತಾರೆ.

ಇದನ್ನೆಲ್ಲ ಹೊಸಬರಿಗೆ ತಿಳಿಸುವ ಕನ್ನಡ ಕೈಪಿಡಿಯೊಂದು ಸೋಮವಾರ ಅಚ್ಚಿಗೆ ಹೋಗಬೇಕು. ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು (ಎಸ್‌ಆರ್‌ಡಿ 5.1) 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ, ಮೂಲವನ್ನು ಹೆಸರಿಸಿದರೆ ಅನುವಾದಕ್ಕೆ ಅಡ್ಡಿಯಿಲ್ಲ. ನನ್ನ ಕರಡು: ಗೇಮ್ ಮಾಸ್ಟರ್ = ಸೂತ್ರಧಾರ; ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಒಂದೇ ಕಥೆ) = ಅಭಿಯಾನ; ಹಿಟ್ ಪಾಯಿಂಟ್ (ಉಳಿದ ಜೀವದ ಲೆಕ್ಕ) = ಪ್ರಾಣಾಂಕ; ಸಬ್‌ಸ್ಕ್ರಿಪ್ಷನ್ = ಚಂದಾ. ಗೋಡೆಗೆ ಹಚ್ಚುವ ಸೂಚನೆ: ‘ಪ್ರತಿ ಭಾನುವಾರ ಮಧ್ಯಾಹ್ನ 3ಕ್ಕೆ ಆಟ. ಚಂದಾ ಇಲ್ಲ.’

ಕಟಪಾಡಿ:

ಆ ಸೂಚನೆಯನ್ನು ಹಾಗೆಯೇ ಹಚ್ಚಬೇಡಿ. ಉಡುಪಿಯಲ್ಲಿ ‘ಆಟ’ ಎಂದು ಬರೆದರೆ ಯಕ್ಷಗಾನವೆಂದು ತಿಳಿದು ಯಾವ ಮೇಳ, ಯಾವ ಪ್ರಸಂಗ ಎಂದು ಕೇಳಿಕೊಂಡು ಜನ ಬರುತ್ತಾರೆ. ‘ಚಂದಾ ಇಲ್ಲ’ ಎಂಬುದನ್ನು ನೋಡಿದವರು ಈ ಸಲ ಗಣೇಶೋತ್ಸವಕ್ಕೆ ವಂತಿಗೆ ಎತ್ತುವುದಿಲ್ಲವೆಂದು ತಿಳಿದು ಸಂತೋಷಪಟ್ಟಾರು.

ಗೇಮ್ ಮಾಸ್ಟರ್‌ಗೆ ಪದ ನಿಮ್ಮ ಕಾಲಬುಡದಲ್ಲೇ ಇದೆ: ಯಕ್ಷಗಾನದ ಹಾಡುಗಾರ, ಭಾಗವತ. ರಂಗಕ್ಕೆ ಬಂದ ವೇಷವನ್ನು ಮಾತನಾಡಿಸುವವನು, ಕಥೆ ಎಳೆದರೆ ಮುಂದಿನ ಪದ್ಯ ಎತ್ತಿ ದೂಡುವವನು ಅವನೇ. ಅವನನ್ನು ಮೊದಲನೆಯ ವೇಷಧಾರಿ ಎನ್ನುವುದು ಸುಮ್ಮನೆ ಅಲ್ಲ. ಕ್ಯಾಂಪೇನ್‌ಗೆ ತಿರುಗಾಟ: ಮೇಳ ದೀಪಾವಳಿ ಕಳೆದು ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಪೂರ್ತಿ ಅವಧಿ. ಅಭಿಯಾನವೆಂದರೆ ಶಾಲೆಯ ಮಕ್ಕಳಿಂದ ಕಸ ಹೆಕ್ಕಿಸುವುದು.

ಬೆಂಗಳೂರು:

ಸೂತ್ರಧಾರ, ಅಭಿಯಾನ, ಪ್ರಾಣಾಂಕ, ಭಾಗವತ. ನಾಲ್ಕರಲ್ಲಿ ಒಂದಾದರೂ ಕನ್ನಡವೇ? ಓದುಗ, ಕೇಳುಗ ಎನ್ನುವ ನಾಲಿಗೆಗೆ ‘ಆಡಿಸುಗ’ ಏಕೆ ತೊಡಕು? ಹಿಟ್ ಪಾಯಿಂಟ್‌ಗೆ ‘ಉಸಿರೆಣಿಕೆ’. ದಾಳದ ಬದಲು ‘ನೆತ್ತ’ ಎನ್ನಿ. ಪಂಪನ ಭಾನುಮತಿ ಸೋತದ್ದು ನೆತ್ತವಾಡಿಯೇ. ಸಾವಿರ ವರ್ಷದ ಪದವನ್ನು ಬಿಟ್ಟು ಎಲ್ಲೆಲ್ಲೋ ಕೈಚಾಚುವುದೇಕೆ?

ಕೊಡಿಯಾಲಬೈಲು, ಮಂಗಳೂರು:

ಉಸಿರೆಣಿಕೆ ಆಸ್ಪತ್ರೆಯಲ್ಲಿ ದಾದಿಯರು ಮಾಡುವ ಕೆಲಸ. ಬೇಡ.

ಸೂತ್ರಧಾರನನ್ನು ಇಷ್ಟು ಬೇಗ ಅಟ್ಟಬೇಡಿ. ದಾರ ಹಿಡಿದು ಗೊಂಬೆ ಕುಣಿಸುವವನು ಎಂಬ ಒಂದೇ ಅರ್ಥಕ್ಕೆ ಎಲ್ಲರೂ ಜೋತುಬೀಳುತ್ತಾರೆ. ಅಳತೆಯ ನೂಲು ಹಿಡಿದ ಶಿಲ್ಪಿಯೂ ಸೂತ್ರಧಾರನೇ. ಗ್ರಾಫ್ ಹಾಳೆಯ ಮೇಲೆ ಚೌಕಕ್ಕೆ ಐದು ಅಡಿಯಂತೆ ಕೋಣೆ ಎಳೆಯುವವನಿಗೆ ಇದಕ್ಕಿಂತ ಒಪ್ಪುವ ಪದ ಯಾವುದು? ಇನ್ನು ಕ್ಯಾಂಪೇನ್‌ನ ಬೇರು ಲ್ಯಾಟಿನ್ನಿನ ‘ಕಂಪುಸ್’, ಎಂದರೆ ಬಯಲು. ಸೈನ್ಯ ಬಯಲಿಗಿಳಿದರೆ ಕ್ಯಾಂಪೇನ್. ಹಾಗಾಗಿ ಕಟಪಾಡಿಯವರು ತಿರುಗಾಟದ ಬದಲು ‘ಬಯಲಾಟ’ ಎಂದಿದ್ದರೆ ವ್ಯುತ್ಪತ್ತಿಯೂ ಕೂಡಿಬರುತ್ತಿತ್ತು.

ಕಟಪಾಡಿ:

ಮಳೆಗಾಲದಲ್ಲಿ ವಾಚನಾಲಯದ ಒಳಗೆ ಬಯಲಾಟ! ವ್ಯುತ್ಪತ್ತಿ ಕೂಡಿಬಂತು, ಅರ್ಥ ಕೈಬಿಟ್ಟಿತು. ಸೂತ್ರಧಾರ ಬೇಕಿದ್ದವರು ಉಪ್ಪಿನಕುದ್ರುವಿಗೆ ಹೋಗಿ ಗೊಂಬೆಯಾಟ ನೋಡಲಿ.

ಮಣಿಪಾಲ:

ಮಾಹಿತಿಗಾಗಿ: 1974ರಲ್ಲಿ ಬಂದ ಮೊದಲ ಆವೃತ್ತಿಯ ಶೀರ್ಷಿಕೆಯಡಿಯಲ್ಲೇ, ಇವು ಕಾಗದ, ಪೆನ್ಸಿಲ್ ಮತ್ತು ಪುಟ್ಟ ಗೊಂಬೆಗಳಿಂದ ಆಡಬಹುದಾದ ಕ್ಯಾಂಪೇನ್‌ಗಳ ನಿಯಮಗಳು ಎಂಬ ಒಕ್ಕಣೆಯಿತ್ತು. ಕಡಿಯಾಳಿಯವರು ಹೊಸದೇನನ್ನೂ ಮಾಡುತ್ತಿಲ್ಲ, ಮೂಲಕ್ಕೆ ಮರಳಿದ್ದಾರೆ. ಆಗ ಆಟ ನಡೆಸುವವನನ್ನು ‘ರೆಫರಿ’ ಎನ್ನುತ್ತಿದ್ದರು. ‘ಕಾಲ್ ಆಫ್ ಕ್ತುಲು’ (1981) ಅವನನ್ನು ಕೀಪರ್ ಎಂದಿತು, ‘ವ್ಯಾಂಪೈರ್’ (1991) ಕಥೆಗಾರ ಎಂದಿತು. ಇಂಗ್ಲಿಷಿನವರೇ ಒಂದು ಪದಕ್ಕೆ ಕಟ್ಟುಬಿದ್ದಿಲ್ಲ. ‘ಆಟಾಧ್ಯಕ್ಷ’ ಹೇಗೆ?

ಕೊಡಿಯಾಲಬೈಲು:

ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ತಿರಸ್ಕೃತ.

ಮಣಿಪಾಲ:

ಬಿರುದಾವಳಿಯಲ್ಲಾದರೆ ಅರಿಸಮಾಸ ದೋಷವಲ್ಲವೆಂದು ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಇದೂ ಒಂದು ಬಿರುದೆಂದು ತಿಳಿಯಿರಿ.

ಬಲ್ಮಠ, ಮಂಗಳೂರು:

ಭಾಗವತ ಎಂಬುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನಾಗಿ ಬರೆಯುತ್ತಿದ್ದೇನೆ. ನಾನು ಕರ್ಣನಾಗಿ ಕೃಷ್ಣನನ್ನು ಮಾತಿನಲ್ಲಿ ಎಷ್ಟೇ ಕಟ್ಟಿಹಾಕಲಿ, ಬೆಳಗಾಗುವುದರೊಳಗೆ ಸಾಯಲೇಬೇಕು. ಪ್ರಸಂಗದಲ್ಲಿ ಹಾಗಿದೆ, ಭಾಗವತರ ಮುಂದೆ ಪದ್ಯ ಬಿಡಿಸಿಟ್ಟಿದೆ. ಇವರ ಆಟದಲ್ಲಿ ಮುಂದಿನ ಪದ್ಯ ನಡೆಸುವವನಿಗೇ ಗೊತ್ತಿಲ್ಲ, ದಾಳ ಹೇಳಬೇಕು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಎರಡಕ್ಕೂ ಅಪಚಾರ.

ಆದರೆ ಒಂದು ಪದ ಕೊಡಬಲ್ಲೆ. ನಾವು ‘ಆಟ-ಕೂಟ’ ಎಂದು ಜೋಡಿಯಾಗಿ ಹೇಳುವಾಗ ಕೂಟವೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತನಾಡುವುದು. ಸೆಷನ್‌ಗೆ, ಎಂದರೆ ಒಂದು ಸಲ ಕೂತು ಆಡುವುದಕ್ಕೆ, ಇದು ಸರಿಯಾಗುತ್ತದೆ. ಬರಿಯ ‘ಕೂಟ’ ಎಂದರೆ ಮದ್ದಳೆ ಎಲ್ಲಿ ಎಂದು ಕೇಳುವವರು ಬಂದಾರು. ‘ದಾಳದ ಕೂಟ’ ಎನ್ನಿ.

ಬೆಂಗಳೂರು:

ನೆತ್ತದ ಕೂಟ. ಚಂದಾ ಪಾರಸಿ ಪದ ಎಂಬುದನ್ನೂ ಯಾರೂ ಎತ್ತಲಿಲ್ಲ.

ಸುರತ್ಕಲ್:

ಕಾಗದವೂ ಪಾರಸಿ. ಅದನ್ನೂ ಬಿಟ್ಟರೆ ಕಡಿಯಾಳಿಯವರು ತಾಳೆಗರಿಯಲ್ಲಿ ಆಡಬೇಕಾದೀತು. ಕರಾವಳಿಯಲ್ಲಿ ಬೀಗದ ಕೈಗೆ ಚಾವಿ, ನೀರೆತ್ತುವುದಕ್ಕೆ ಬಾಲ್ದಿ ಎನ್ನುತ್ತೇವೆ. ಎರಡೂ ಪೋರ್ಚುಗೀಸರ ಬಳುವಳಿ. ಕೊಟ್ಟವರು ಕೇಳಿಕೊಂಡು ಬಂದಿಲ್ಲ, ನಾವೂ ಹಿಂದಿರುಗಿಸುವುದಿಲ್ಲ.

ಚಂದಾ ಬೇಡ ಎನ್ನುವುದಕ್ಕೆ ನನ್ನ ಕಾರಣ ಬೇರೆ. ಪತ್ರಿಕೆಗೆ ಚಂದಾ ಕಟ್ಟಿದ್ದೇನೆ ಎಂದುಕೊಳ್ಳಿ. ಮುಂದಿನ ವರ್ಷ ನಿಲ್ಲಿಸಿದರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೆ. ಬಂದ ಸಂಚಿಕೆಗಳು ನನ್ನ ಕಪಾಟಿನಲ್ಲೇ ಇರುತ್ತವೆ. ಸಂಪಾದಕರು ಮನೆಗೆ ಬಂದು ಬೀಗ ಜಡಿಯುವುದಿಲ್ಲ. ಇವರಿಗೆ ಆದದ್ದು ಅದಲ್ಲ. ತಾವೇ ಎಳೆದ ನಕ್ಷೆ, ಹುಡುಗರೇ ಬರೆದ ಪಾತ್ರ, ತಿಂಗಳ ಹಣ ನಿಂತ ಕೂಡಲೇ ಕೈಗೆ ಸಿಗದಂತಾದವು. ಇದಕ್ಕೆ ಕನ್ನಡದಲ್ಲಿ ಬಾಡಿಗೆ ಎನ್ನುತ್ತಾರೆ. ‘ಬಾಡಿಗೆಯ ತಾಣ’ ಎಂದು ಬರೆಯಿರಿ, ಓದಿದ ಕೂಡಲೇ ಗೊತ್ತಾಗುತ್ತದೆ. ಚಂದಾ ಎಂದು ಅನುವಾದಿಸಿದರೆ ಕಂಪನಿಯವರು ತಮ್ಮ ವ್ಯವಹಾರಕ್ಕೆ ಇಟ್ಟುಕೊಂಡ ಮರ್ಯಾದೆಯ ಹೆಸರನ್ನು ನಾವೇ ಹೊತ್ತು ಮೆರೆಸಿದಂತೆ.

ಗೇಮ್ ಮಾಸ್ಟರ್‌ಗೆ ಪಾರಿಭಾಷಿಕ ಪದವೇ ಬೇಕೆಂದು ಯಾರು ಹೇಳಿದರು? ‘ನಡೆಸುವವರು’ ಸಾಕು. ಬಹುವಚನ ಗೌರವಕ್ಕೂ ಆಯಿತು, ಹೆಣ್ಣುಮಕ್ಕಳು ಕುಳಿತಾಗ ‘ಸೂತ್ರಧಾರಿಣಿ’ ಎಂದು ಪರದಾಡುವುದೂ ತಪ್ಪಿತು.

ಕೊಡಿಯಾಲಬೈಲು:

‘ನಡೆಸುವವರು’ ಕೃದಂತ, ಸಂಜ್ಞೆಯಲ್ಲ. ಕೈಪಿಡಿಯಲ್ಲಿ ‘ಕೂಟವನ್ನು ನಡೆಸುವವರು ನಡೆಸುವಾಗ’ ಎಂದು ಬರೆದು ನೋಡಿ.

ಸುರತ್ಕಲ್:

ಹಾಗೆ ಬರೆಯುವವರಿಗೆ ಯಾವ ಪದ ಕೊಟ್ಟರೂ ಕಷ್ಟವೇ, ಮಾಸ್ತರರೇ.

ಕಡಿಯಾಳಿ:

ಎಲ್ಲರಿಗೂ ವಂದನೆ. ಪುಟ ಅಚ್ಚಿಗೆ ಹೋಯಿತು. ಕೈಪಿಡಿಯಲ್ಲಿ ‘ನಡೆಸುವವರು’, ‘ತಿರುಗಾಟ’, ‘ದಾಳದ ಕೂಟ’, ‘ಬಾಡಿಗೆಯ ತಾಣ’ ಎಂದು ಬಳಸಿದ್ದೇನೆ. ಮೇಳ ಪ್ರತಿ ರಾತ್ರಿ ಬೇರೆ ಪ್ರಸಂಗ ಆಡುತ್ತದೆ, ನಮ್ಮದು ಒಂದೇ ಕಥೆ ಎಂಬ ಆಕ್ಷೇಪ ನನ್ನ ಮನಸ್ಸಿನಲ್ಲೂ ಇದೆ. ಆದರೂ ಹುಡುಗರು ತಿರುಗಾಟವನ್ನು ಬಾಯಿಗೆ ಹಚ್ಚಿಕೊಂಡಾಗಿದೆ. ಪ್ರಾಣಾಂಕವನ್ನು ಕೈಬಿಟ್ಟು ಬರಿಯ ‘ಜೀವ’ ಎಂದಿಟ್ಟೆ. ‘ಇನ್ನು ಮೂರು ಜೀವ ಉಳಿದಿದೆ’ ಎಂದರೆ ಸಣ್ಣವರಿಗೂ ಅರ್ಥವಾಗುತ್ತದೆ. ಗೋಡೆಯ ಸೂಚನೆ: ‘ಭಾನುವಾರ 3ಕ್ಕೆ ದಾಳದ ಕೂಟ. ಪೆನ್ಸಿಲ್ ತನ್ನಿ. ಹಣ ಬೇಡ.’

ಬೆಂಗಳೂರು:

ಪೆನ್ಸಿಲ್.

ಕೊಡಿಯಾಲಬೈಲು:

ಸುರತ್ಕಲ್ಲಿನವರು ಪೋರ್ಚುಗೀಸರ ವಿಷಯ ಎತ್ತಿದ್ದರಿಂದ ಕೇಳುತ್ತೇನೆ: ‘ಮೇಜು’ ಅವರ ‘ಮೆಸಾ’ದಿಂದ ಬಂದದ್ದೋ, ಪಾರಸಿಯ ‘ಮೇಜ್’ನಿಂದಲೋ? ನನ್ನ ಅಭಿಪ್ರಾಯದಲ್ಲಿ ಪಾರಸಿ. ಸಕಾರ ಜಕಾರವಾಯಿತೆಂದು ವಾದಿಸುವವರು ಇನ್ನೆರಡು ಉದಾಹರಣೆ ಕೊಡಬೇಕು.

ಕಟಪಾಡಿ:

ಅದಕ್ಕೆ ಬೇರೆ ಓಲೆ ತೆರೆಯಿರಿ. ಕಿಟೆಲ್ಲರ ಕೋಶವನ್ನು 1894ರಲ್ಲಿ ಅಚ್ಚು ಹಾಕಿದ ಊರಿನಲ್ಲೇ ಕುಳಿತಿದ್ದೀರಿ, ಮೊದಲು ಅದನ್ನು ನೋಡಿ ಬನ್ನಿ.