ಅಪ್‌ಡೇಟ್: ಗ್ವಾಟೆಮಾಲಾದ ಜ್ವಾಲಾಮುಖಿ ಚಾರಣಕ್ಕೆ ತಯಾರಿ

ಮಂಗಳೂರಿನಲ್ಲಿದ್ದುಕೊಂಡು ಗ್ವಾಟೆಮಾಲಾದ ತಾಹುಮುಲ್ಕೊ ಜ್ವಾಲಾಮುಖಿ ಹತ್ತಲು ಹೇಗೆ ತಯಾರಾಗಲಿ ಎಂದು ಕೇಳಿದ್ದೆ ಅಲ್ವಾ, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಈಗ ರಜೆ ಸಿಕ್ಕಾಗಲೆಲ್ಲ ಬೆನ್ನಿನ ಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು ಗಡಾಯಿಕಲ್ಲು ಹತ್ತುತ್ತಿದ್ದೇನೆ. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲು ಜಾಸ್ತಿ ನಡುಗುತ್ತದೆ, ಕೋಲು ಬೇಕೇ ಬೇಕು. ಆದರೆ ನಮ್ಮ ಕುದುರೆಮುಖವೇ 1,900 ಮೀಟರ್ ಮುಟ್ಟುವುದಿಲ್ಲ, ತಾಹುಮುಲ್ಕೊ 4,220! ಆ ತೆಳು ಗಾಳಿ ಇಲ್ಲಿ ಅಭ್ಯಾಸ ಆಗುವ ಮಾತೇ ಇಲ್ಲ, ಅದಕ್ಕೆ 2,300 ಮೀಟರ್ ಎತ್ತರದಲ್ಲಿರುವ ಕೆಟ್ಸಾಲ್ಟೆನಾಂಗೊ ಊರಿಗೆ ಕೆಲವು ದಿನ ಮೊದಲೇ ಹೋಗಿ ಉಳಿಯುತ್ತೇನೆ. ಕರೆದುಕೊಂಡು ಹೋಗುವ ಕೆಟ್ಸಾಲ್‌ಟ್ರೆಕ್ಕರ್ಸ್ ಎಂಬ ಚಾರಣ ಸಂಸ್ಥೆಯ ಗೈಡುಗಳೆಲ್ಲ ಸ್ವಯಂಸೇವಕರು. ಚಾರಣದ ಶುಲ್ಕದಲ್ಲಿ ಖರ್ಚು ಕಳೆದು ಉಳಿದ ಹಣ ಅಲ್ಲಿನ ಬಡ ಮಕ್ಕಳ ಶಾಲೆಗೆ ಹೋಗುತ್ತದೆ, ನಾನು ಇವರನ್ನೇ ಆರಿಸಿದ್ದು ಅದಕ್ಕೇ. ಊಟದ ಸಾಮಾನನ್ನೂ ಎಲ್ಲರೂ ಹಂಚಿಕೊಂಡು ಹೊರಬೇಕು, ಹಾಗಾಗಿ ಚೀಲದ ಭಾರ ಇನ್ನೂ ಏರಿಸಬೇಕು. ಮಳೆ ಶುರುವಾದ ಮೇಲೆ ಗಡಾಯಿಕಲ್ಲು ಬೇಡ, ಫ್ಲ್ಯಾಟಿನ ಮೆಟ್ಟಿಲಲ್ಲೇ ಅಭ್ಯಾಸ.