ಚಿನ್ನದ ನ್ಯಾನೋಕಣಗಳು ಗಾಜಿನ ಮೇಲೆ ಉಂಗುರವಾಗದೆ ವಿನ್ಯಾಸವಾಗಿ ಕೂರಲು ಏನು ಮಾಡಬೇಕು?

ವಿದ್ಯಾರ್ಥಿನಿ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಸಿಟ್ರೇಟ್ ವಿಧಾನದಲ್ಲಿ (ಚಿನ್ನದ ಲವಣಕ್ಕೆ ಸಿಟ್ರೇಟ್ ಬೆರೆಸಿ) ಚಿನ್ನದ ನ್ಯಾನೋಕಣಗಳನ್ನು ತಯಾರಿಸಿದ್ದೇನೆ. ದ್ರಾವಣ ಮಾಣಿಕ್ಯದಂತೆ ಕೆಂಪಾಗಿದೆ, 520 ನ್ಯಾನೋಮೀಟರ್ ಬಳಿ ಬೆಳಕು ಹೀರುವಿಕೆಯ ಶಿಖರವೂ ಬಂದಿದೆ. ಆದರೆ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟರೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಕಣ್ಣೆದುರೇ ಆರಿ, ಕಣಗಳೆಲ್ಲ ಅಂಚಿಗೆ ಸರಿದು ನೇರಳೆ ಉಂಗುರವಾಗುತ್ತವೆ. ಸೂಕ್ಷ್ಮ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಯಂತ್ರ ನಮ್ಮಲ್ಲಿಲ್ಲ. ಕಣಗಳು ತಾವಾಗಿಯೇ ಕ್ರಮಬದ್ಧವಾಗಿ ಜೋಡಣೆಗೊಳ್ಳುವ ದಾರಿ ಇದೆಯೇ?

ಉಪನ್ಯಾಸಕ, ಬೀದರ್:
ಹನಿಯ ಅಂಚು ಗಾಜಿಗೆ ಅಂಟಿ ನಿಂತಿರುತ್ತದೆ. ಅಲ್ಲಿ ನೀರು ಬೇಗ ಆವಿಯಾಗುವುದರಿಂದ ಆ ಕೊರತೆ ತುಂಬಲು ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತದೆ, ಕಣಗಳನ್ನೂ ಒಯ್ಯುತ್ತದೆ. ಕಾಫಿ ಕಲೆಯ ಅಂಚು ಗಾಢವಾಗುವುದಕ್ಕೆ ಇದೇ ಕಾರಣವೆಂದು 1997ರಲ್ಲಿ ವಿಜ್ಞಾನಿ ಡೀಗನ್ ಮತ್ತು ಸಂಗಡಿಗರು ವಿವರಿಸಿದರು. ಆದ್ದರಿಂದ ಬಿಸಿಲೊಂದನ್ನೇ ದೂರಬೇಡಿ; ಒಣಗುವಿಕೆಯನ್ನು ನೆಚ್ಚುವುದನ್ನೇ ಬಿಡಿ. ಚೆನ್ನಾಗಿ ಶುಚಿಗೊಳಿಸಿದ ಗಾಜಿಗೆ ಅಮೈನೋ ಸೈಲೇನ್ ಎಂಬ, ಗಾಜಿಗೆ ಅಂಟುವ ರಾಸಾಯನಿಕದ ಪದರ ಕೊಟ್ಟು ದ್ರಾವಣದಲ್ಲಿ ಮುಳುಗಿಸಿಟ್ಟರೆ, ಧನ ಆವೇಶದ ಆ ಮೇಲ್ಮೈ ಸಿಟ್ರೇಟಿನಿಂದ ಋಣ ಆವೇಶ ಪಡೆದ ಕಣಗಳನ್ನು ಹಿಡಿದುಕೊಳ್ಳುತ್ತದೆ. ನಂತರ ನೀರಿನಲ್ಲಿ ತೊಳೆದೇ ಒಣಗಿಸಿ. ಕಣಗಳು ಒಂದನ್ನೊಂದು ವಿಕರ್ಷಿಸುವುದರಿಂದ ಗುಂಪುಗೂಡುವುದು ಕಡಿಮೆ. ಆದರೆ ಇದು ಸಮನಾದ ಹರಡಿಕೆಯೇ ಹೊರತು ವಿನ್ಯಾಸವಲ್ಲ.

ಸಂಶೋಧಕ, ಯಾದಗಿರಿ:
ವಿನ್ಯಾಸವೇ ಬೇಕಾದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಗೋಲಗಳನ್ನು ಅಚ್ಚಾಗಿ ಬಳಸಿ. ಒತ್ತಾಗಿ ಕೂತ ಒಂದೇ ಪದರದ ಗೋಲಗಳಲ್ಲಿ ಪ್ರತಿ ಮೂರರ ನಡುವೆ ಒಂದು ತ್ರಿಕೋನ ಸಂದು ಉಳಿಯುತ್ತದೆ; ಮೇಲಿನಿಂದ ನಿರ್ವಾತದಲ್ಲಿ ಚಿನ್ನವನ್ನು ಆವಿಯಾಗಿಸಿ ಲೇಪಿಸಿ, ಗೋಲಗಳನ್ನು ಕರಗಿಸಿ ತೆಗೆದರೆ ಸಂದುಗಳಿದ್ದಲ್ಲಿ ಮಾತ್ರ ಲೋಹ ನಿಲ್ಲುತ್ತದೆ. 500 ನ್ಯಾನೋಮೀಟರ್ ಗೋಲಗಳಾದರೆ ತ್ರಿಕೋನದ ಬದಿ ಸುಮಾರು 115, ಪಕ್ಕದ ತ್ರಿಕೋನಕ್ಕೆ ಅಂತರ ಸುಮಾರು 290 ನ್ಯಾನೋಮೀಟರ್. ಬಿದರಿ ಕೆಲಸದಲ್ಲಿ ಕುಶಲಕರ್ಮಿ ಮೊದಲು ಕೊರೆದ ಗೆರೆಯೇ ಬೆಳ್ಳಿ ಎಲ್ಲಿ ಕೂರಬೇಕೆಂದು ಹೇಳುವಂತೆ, ಇಲ್ಲಿ ಗೋಲಗಳ ಜೋಡಣೆಯೇ ಚಿನ್ನಕ್ಕೆ ಜಾಗ ತೋರಿಸುತ್ತದೆ. ಚಿನ್ನ ಗಾಜಿಗೆ ಗಟ್ಟಿಯಾಗಿ ಹಿಡಿಯದು, ಮೊದಲು ಕ್ರೋಮಿಯಂನ ತೆಳು ಪದರ ಕೊಡಿ.

ವಿದ್ಯಾರ್ಥಿನಿ, ಕಲಬುರಗಿ:
ಧನ್ಯವಾದಗಳು ಸರ್. ಗೋಲಗಳ ಹನಿಯೂ ಹೀಗೆಯೇ ಉಂಗುರವಾಗುವುದಿಲ್ಲವೇ?

ಸಂಶೋಧಕ, ಯಾದಗಿರಿ:
ಖಂಡಿತ ಆಗುತ್ತದೆ. ಆದ್ದರಿಂದ ಅವನ್ನು ಗಾಜಿನ ಮೇಲೆ ಒಣಗಿಸಬೇಡಿ. ಎಥನಾಲ್ ಬೆರೆಸಿದ ಗೋಲಗಳನ್ನು ಓರೆಯಾಗಿ ಹಿಡಿದ ಸ್ಲೈಡಿನ ಮೂಲಕ ತಟ್ಟೆಯ ನೀರಿನ ಮೇಲೆ ನಿಧಾನವಾಗಿ ಹರಿಯಬಿಡಿ, ಮಾರ್ಜಕದ ಒಂದು ಹನಿ ಹಾಕಿ ಒತ್ತಾಗಿಸಿ, ಕೆಳಗಿನಿಂದ ಶುಚಿಯಾದ ಗಾಜಿನಲ್ಲಿ ಆ ಪದರವನ್ನು ಎತ್ತಿಕೊಳ್ಳಿ. ಪದರ ಸರಿಯಾಗಿ ಕೂತಿದ್ದರೆ ಓರೆ ಬೆಳಕಿನಲ್ಲಿ ಹಸಿರು, ಕೆಂಪು ಹೊಳಪು ಬರಿಗಣ್ಣಿಗೇ ಕಾಣುತ್ತದೆ.